ಮೂವತ್ತೊಂದನೇ ಉಪಕಾಲುವೆ

ಕಡಲನ್ನು ಒಂದೇ ಸಲ ನೋಡಿದ್ದೇನೆ, ಕಾರವಾರದಲ್ಲಿ,
ಅದೂ ಮೇಲುಮೇಲಿನದು.
ನನ್ನ ಕೆಲಸ ಇರುವುದು ಒಳಗೆ.
ಬೆಚ್ಚನೆ ನೀರು ತಣ್ಣನೆ ನೀರಿನ ಮೇಲೆ ಮಲಗಿರುವ ಗಡಿಯಲ್ಲಿ
ಎಪ್ಪತ್ತು ಮೀಟರ್ ಎತ್ತರದ ಅಲೆ ನಡೆದುಹೋಗುತ್ತದೆ,
ಮೇಲೆ ದೋಣಿಯವನ ಚಹಾ ತುಳುಕುವುದಿಲ್ಲ.

ಕಾರಟಗಿಯ ಕಾಲೇಜಿನ ಲ್ಯಾಬಿನಲ್ಲಿ
ಹನ್ನೊಂದು ರಾತ್ರಿ ಲೆಕ್ಕ ಓಡಿತು.
ಕಿಟಕಿಯಿಂದ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ
ಕೀಬೋರ್ಡಿನ ಸಂದುಗೊಂದಿಗೆ.
ಅಂಡಮಾನ್ ಕಡಲಿನ ಒಂದು ತುಂಡನ್ನು
ಅರ್ಧರ್ಧ ಕಿಲೋಮೀಟರಿನ ಚೌಕ ಮಾಡಿ ಕೊಯ್ದಿದ್ದೆ,
ಒಂದು ಚೌಕಕ್ಕೆ ಒಂದೇ ವೇಗ, ಒಂದೇ ಉಪ್ಪು.
ಅದೇ ಚೌಕ ಈ ಊರಿನ ಮೇಲಿಟ್ಟರೆ
ಗಿರಣಿ, ಬಸ್‌ಸ್ಟ್ಯಾಂಡು, ಮಸೀದಿ ಓಣಿಯ ನಲ್ಲಿ ಜಗಳ
ಎಲ್ಲ ಸೇರಿ ಒಂದು ಅಂಕಿ.
ಸಣ್ಣ ಸುಳಿಗಳು ಕಳೆದುಹೋಗುವುದು ಹೀಗೇ.
ಕಳೆದುಹೋದವು ಸುಮ್ಮನಿರುವುದಿಲ್ಲ;
ದೊಡ್ಡ ಹರಿವಿನ ಕಾಲು ಜಗ್ಗುತ್ತವೆ,
ಜಗ್ಗಿದವರು ಯಾರೆಂದು ಸಮೀಕರಣಕ್ಕೆ ತಿಳಿಯದು.
ಅವುಗಳ ಹೆಸರಲ್ಲಿ ಒಂದು ಗುಣಾಂಕ ಇಟ್ಟಿದ್ದೇನೆ.
ಊಹೆಯದು.

ಹನ್ನೆರಡನೇ ರಾತ್ರಿ ಲೆಕ್ಕ ಸಿಡಿಯಿತು.
ಅಲೆ ತನ್ನನ್ನು ತಾನೇ ಗುಣಿಸಿಕೊಳ್ಳುವ ಆ ಒಂದು ಪದ:
ನೆತ್ತಿ ಬುಡವನ್ನು ಹಿಂದೆ ಹಾಕಿ ಓಡಿ, ಗೋಡೆಯಾಗಿ ನಿಂತು,
ಪರದೆ ತುಂಬ ಅಂಕಿಯಲ್ಲದ ಅಂಕಿ.

ಬೆಳಿಗ್ಗೆ ಕಾಲುವೆ ದಂಡೆ.
ಗ್ಯಾಂಗ್‌ಮನ್ ಹುಸೇನಪ್ಪ ಗೇಟು ಇಳಿಸುತ್ತಿದ್ದ.
ತುಕ್ಕು ಜಾರಿ ಹಲಗೆ ದಡಕ್ಕನೆ ಬಿತ್ತು,
ನೀರು ಬೆನ್ನೆತ್ತಿತು.
ಒಂದೇ ಗುಡ್ಡಿ, ನೊರೆಯಿಲ್ಲ, ಸದ್ದಿಲ್ಲ,
ಹರಿದು ಬಂದ ದಾರಿಗೇ ಎದುರಾಗಿ ಹೊರಟಿತು.
ಅವನು ಸೈಕಲ್ ಏರಿದ. ನನ್ನ ಸ್ಕೂಟಿ ಅವನ ಹಿಂದೆ.
"ದೊಡ್ಡ ಗುಡ್ಡಿ ಲಗೂ ಹೊಕ್ಕೈತ್ರಿ ಮೇಡಮ್ಮಾರ,
ಮುಂದಿನ ಸಣ್ಣದನ್ನ ಹಿಡಿತೈತಿ, ದಾಟ್ತೈತಿ.
ಎರಡೂ ಸಾಯಂಗಿಲ್ಲ."
ಎಷ್ಟು ವರ್ಷದಿಂದ ನೋಡುತ್ತಿದ್ದೀರಿ?
"ಸೈಕಲ್ ಮೂರು ಬದಲಾಗ್ಯಾವ."

ಇದನ್ನೇ ನಾನು ಎರಡು ಪುಟದಲ್ಲಿ ಸಾಧಿಸುತ್ತೇನೆ:
ಕಡಿದಾಗಿಸುವುದೊಂದು, ಹರಡುವುದೊಂದು,
ಎರಡೂ ಜಗ್ಗಾಡಿ ಸಮವಾದಲ್ಲಿ ಅಲೆ ತನ್ನ ಮೈಕಟ್ಟು ಬಿಡುವುದಿಲ್ಲ.
ಆ ಹರಡುವ ಪದವನ್ನೇ, ಹೊತ್ತು ಉಳಿಯಲೆಂದು,
ನಾನು ಕೈಬಿಟ್ಟಿದ್ದೆ.

ಎರಡು ಅಲೆ ಭೇಟಿಯಾದದ್ದಕ್ಕೆ ಆಮೇಲೆ ಗುರುತು ಇಷ್ಟೇ:
ದೊಡ್ಡದು ಇರಬೇಕಾದಲ್ಲಿಗಿಂತ ತುಸು ಮುಂದೆ,
ಸಣ್ಣದು ತುಸು ಹಿಂದೆ.

ಅವತ್ತು ಬಿ.ಎಸ್ಸಿ. ಎರಡನೇ ವರ್ಷದ ಕ್ಲಾಸಿಗೆ
ಏಳು ನಿಮಿಷ ತಡವಾಗಿ ಹೋದೆ.
ಸೀರೆಯ ಅಂಚು ಒದ್ದೆ.