ಪುಟಕ್ಕೆ ಎರಡು ರೂಪಾಯಿ

ಮುಲುಂಡ್ ಸ್ಟೇಷನ್ನಿನ ಪಶ್ಚಿಮಕ್ಕೆ, ಚಪ್ಪಲಿ ಅಂಗಡಿಗೂ
ಕೀಲಿಕೈ ಮಾಡುವವನಿಗೂ ನಡುವೆ ಸಿಕ್ಕಿಕೊಂಡ
ಆರಡಿ ಅಗಲದ ಜೆರಾಕ್ಸ್ ಅಂಗಡಿ ನನ್ನದು.
ಪ್ರತಿ ತೆಗೆಯುವುದೇ ಹೊಟ್ಟೆಪಾಡು.
ಆಧಾರ್, ಬಾಡಿಗೆ ಕರಾರು, ಸತ್ತವರ ಸರ್ಟಿಫಿಕೇಟು,
ಪುಟಕ್ಕೆ ಎರಡು ರೂಪಾಯಿ, ಎರಡೂ ಮಗ್ಗುಲಿಗೆ ಮೂರು.

ಒಂದಕ್ಕೆ ಮಾತ್ರ ದುಡ್ಡಿಲ್ಲ.
ಗಲ್ಲಾಪೆಟ್ಟಿಗೆಯ ಪಕ್ಕದ ಹಳೇ ಕಂಪ್ಯೂಟರಿನಲ್ಲಿ
ಕರ್ಜತ್‌ನಿಂದ ಲೋಣಾವಳದವರೆಗೆ ಘಾಟಿ ಇದೆ,
ಪರದೆಯ ಮೇಲೆ ರೈಲು ಓಡಿಸುವ ಮರುಳರಿಗಾಗಿ:
ಸುರಂಗ, ಸೇತುವೆ, ಕಂಬ, ಕಂಬಕ್ಕೊಂದು ನಂಬರು,
ಏಳು ಜಿಬಿ ಬೆಟ್ಟ.
ಪೆನ್‌ಡ್ರೈವ್ ತಂದವರಿಗೆ ತುಂಬಿ ಕೊಡುತ್ತೇನೆ.
ಎಷ್ಟಾಯ್ತು, ಅನ್ನುತ್ತಾರೆ.
ಏನಿಲ್ಲ ಅಂದರೆ ಈ ಊರು ನಂಬುವುದಿಲ್ಲ,
ಚಿಲ್ಲರೆ ಬೆರಳಲ್ಲಿ ಹಿಡಿದುಕೊಂಡೇ ನಿಂತಿರುತ್ತದೆ.

ಘಾಟಿ ಒಬ್ಬರದಲ್ಲ.
ಏರಿನ ಲೆಕ್ಕ ಪರ್ಕಾರ್ ಸಾಹೇಬರದು, ಮೂವತ್ತೇಳಕ್ಕೆ ಒಂದು.
ಇಪ್ಪತ್ತಾರು ವರ್ಷ ಅಲ್ಲೇ ಎಂಜಿನ್ ಓಡಿಸಿ
ಕಣ್ಣಿನ ಪರೀಕ್ಷೆಯಲ್ಲಿ ಕೊನೆಯ ಸಾಲು ಓದಲಾಗದೆ
ಕಲ್ಯಾಣದ ಆಫೀಸಿನಲ್ಲಿ ರಜಾಚೀಟಿ ಬರೆಯುವವರು.
ಹಾರ್ನಿನ ಸದ್ದು ಹಿಡಿದು ತಂದವನು ಭೊಯಿರ್,
ಗಾಳಿ ನುಗ್ಗದಂತೆ ಫೋನಿಗೆ ಕಾಲುಚೀಲ ತೊಡಿಸಿ.
ಪಳಸ್ದರಿಯ ಕ್ವಾರ್ಟರ್ಸು ಎವ್ರಿಲ್ ಮಿಸ್ಕಿಟ್ಟಾ ಕಟ್ಟಿದ್ದು:
ಪಾಚಿ, ಸೋರುವ ನಲ್ಲಿ, ಮೊದಲ ಮಹಡಿಯ ಹಗ್ಗದಲ್ಲಿ
ಒಣಗುವ, ಜೇಬು ಹರಿದ, ಹಳದಿ ಅಂಗಿ.

ಮೂಟೆ ಕಟ್ಟುವುದು ನಾನು.
ಯಾರ ಮನೆಯ ಡಿ ಡ್ರೈವಿನ ವಿಳಾಸ
ಯಾವ ಫೈಲಿನ ಹೊಟ್ಟೆಯಲ್ಲಿ ಉಳಿದಿದೆಯೋ ಹುಡುಕಬೇಕು.
ಒಂದು ದಾರಿ ತಪ್ಪಿದರೆ
ಇನ್ನೊಬ್ಬರ ಮನೆಯಲ್ಲಿ ಬೆಟ್ಟ ಸುಣ್ಣ ಬಳಿದಂತೆ ನಿಲ್ಲುತ್ತದೆ,
ಸೇತುವೆ ಕಾಣುವುದಿಲ್ಲ, ರೈಲು ಗಾಳಿಯ ಮೇಲೆ ಹೋಗುತ್ತದೆ.
ಕೊನೆಗೊಂದು ಪುಟ, ಹೆಸರುಗಳದು. ಅದರಡಿಗೆ:
ತಗೊಳ್ಳಿ. ಬದಲಿಸಿ. ಹಂಚಿ.
ಹೆಸರು ಮಾತ್ರ ಅಳಿಸಬೇಡಿ.

ಹೋದ ದೀಪಾವಳಿಗೆ ಲ್ಯಾಮಿಂಗ್ಟನ್ ರಸ್ತೆಯ ಫುಟ್‌ಪಾತಿನಲ್ಲಿ
ನಮ್ಮ ಘಾಟಿಯೇ, ಬಣ್ಣದ ಹೊದಿಕೆ ಹೊದ್ದು, ಮುನ್ನೂರು ರೂಪಾಯಿ.
ಚೌಕಾಶಿ ಮಾಡಿ ಇನ್ನೂರ ಇಪ್ಪತ್ತಕ್ಕೆ ಕೊಂಡೆ,
ನನ್ನ ಮಾಲನ್ನು ನಾನೇ.
ಕೊನೆಯ ಪುಟ ಇರಲಿಲ್ಲ.
ಪರ್ಕಾರ್ ಇಲ್ಲ, ಭೊಯಿರ್ ಇಲ್ಲ, ಮಿಸ್ಕಿಟ್ಟಾ ಇಲ್ಲ.
ಗಾಡಿ ಹೊರಡಿಸಿದೆ. ಪಳಸ್ದರಿ ಬಂತು.
ಹೆಸರು ಹೋಗಿತ್ತು.
ಅಂಗಿ ಒಣಗುತ್ತಿತ್ತು.

ಎವ್ರಿಲ್‌ಗೆ ಫೋನ್ ಮಾಡಿ ಕೂಗಾಡಿದೆ. ಅವಳು ನಕ್ಕಳು.
ಆ ಅಂಗಿ ನನ್ನ ತಮ್ಮನದು ಕಣೋ,
ಅವನೂ ಯಾರನ್ನೂ ಕೇಳದೆ ಎತ್ತಿಕೊಂಡು ಬಂದದ್ದು.

ಪರ್ಕಾರ್ ಸಾಹೇಬರು ನಗಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಬಂದು
ಮೂಗು ಪರದೆಗೆ ತಾಗುವಷ್ಟು ಹತ್ತಿರ ಕೂತು
ಕದ್ದ ಘಾಟಿಯನ್ನು ಕರ್ಜತ್‌ನಿಂದ ಏರಿದರು.
ಮಂಕಿ ಹಿಲ್ ಹತ್ತಿರ ಬ್ರೇಕ್ ಹಾಕಿದರು.
ಇಲ್ಲಿ ನೋಡು. ನಮ್ಮದರಲ್ಲಿ ಈ ಸಿಗ್ನಲ್
ಬಂಡೆಯ ಮರೆಗೆ ಬೀಳುತ್ತಿತ್ತು.
ಕಳ್ಳ ಎರಡಡಿ ಈಚೆಗೆ ಸರಿಸಿದ್ದಾನೆ. ಸರಿಯಾಗಿದೆ.
ಆಮೇಲೆ ತುಸು ಹೊತ್ತು ಬಿಟ್ಟು, ಕನ್ನಡಕ ಒರೆಸುತ್ತ,
ನನಗೇ ಕಂಡಿರಲಿಲ್ಲ, ಅಂದರು.

ಹೊಸ ಮೂಟೆ ನಿನ್ನೆ ಕಟ್ಟಿದೆ.
ಹೆಸರುಗಳ ಪುಟದಲ್ಲಿ ಭೊಯಿರ್‌ನ ಕೆಳಗೆ
ಹಲ್ಲು ಕಚ್ಚಿಕೊಂಡು ಒಂದು ಸಾಲು ಸೇರಿಸಿದೆ:
ಮಂಕಿ ಹಿಲ್ ಸಿಗ್ನಲ್, ಲ್ಯಾಮಿಂಗ್ಟನ್ ರಸ್ತೆಯವರು,
ಹೆಸರು ಗೊತ್ತಿಲ್ಲ.

ಬೆಳಿಗ್ಗೆ ಒಬ್ಬಳು ಹುಡುಗಿ, ಶಾಲೆಯ ಟೈ, ಕೈಯಲ್ಲಿ ಪೆನ್‌ಡ್ರೈವ್.
ಹಾಕಿ ನೋಡಿದರೆ ನಾಲ್ಕೇ ಜಿಬಿ.
ಬೆಟ್ಟ ಏಳು, ಹಿಡಿಸುವುದಿಲ್ಲಮ್ಮಾ, ಅಂದೆ.
ಹಾಗಾದರೆ ಠಾಕೂರ್‌ವಾಡಿಯವರೆಗೆ ಕೊಡಿ,
ಉಳಿದ ಏರು ನಾಳೆ ಬಂದು ತಗೊಳ್ತೀನಿ.

ಹಸಿರು ಪಟ್ಟಿ ಮೆಲ್ಲಗೆ ಮೇಲೇರತೊಡಗಿತು,
ಕರ್ಜತ್‌ನಲ್ಲಿ ಹಿಂದಿನಿಂದ ಎಂಜಿನ್ ಹಚ್ಚಿಸಿಕೊಂಡ ಗಾಡಿಯ ಹಾಗೆ.
ಆ ಎಂಜಿನ್ನಿನ ನಂಬರನ್ನು ಯಾವ ಪ್ರಯಾಣಿಕ ಓದಿದ್ದಾನೆ?
ಹಿಂದೆ ಯಾರೋ ಆಧಾರ್ ಕಾರ್ಡ್ ಹಿಡಿದು ಅವಸರ ಮಾಡುತ್ತಿದ್ದರು.
ಎಷ್ಟಾಯ್ತು ಅಂಕಲ್, ಅಂದಳು,
ಮುಷ್ಟಿಯಲ್ಲಿ ಬೆಚ್ಚಗಾದ ಐದರ ನಾಣ್ಯ.