ಹೆಬ್ಬೆಟ್ಟು ಯಾವ ಕಡೆ

ಕಾವಲುಗಾರನ ಕೆಲಸ ಸಿಕ್ಕ ಮೂರನೇ ದಿನ
ತಿಮ್ಲಾಪುರದ ಕುರುಚಲು ಕಾಡಿನ ಮಣ್ಣುಹಾದಿಯಲ್ಲಿ
ಬರಿಗಾಲ ಹೆಜ್ಜೆಯೊಂದ ಕಂಡು
‘ಯಾವುದೋ ಮಗು, ಒಂಟಿಯಾಗಿ ಹೋಗಿದೆ’ ಅಂದೆ.

ಆಡು ಮೇಯಿಸುವ ಕ್ಯಾತಮ್ಮ ನಗಲಿಲ್ಲ.
ಕೋಲೂರಿ ಕುಕ್ಕರಗಾಲಲ್ಲಿ ಕೂತಳು.
‘ಹೆಬ್ಬೆಟ್ಟು ಯಾವ ಕಡೀಕೈತೆ ನೋಡು.
ನಮ್ದು ಒಳೀಕೆ. ಇವನ್ದು ಹೊರೀಕೆ.’

ಬಗೆದ ಹುತ್ತ. ಒಡೆದ ಗೋಡೆಯಲ್ಲಿ
ಗೆದ್ದಲು ಇನ್ನೂ ಗಾಬರಿಯಿಂದ ಓಡಾಡುತ್ತಿವೆ.
ಎಲಚಿ ಬೀಜವೇ ತುಂಬಿದ ಲದ್ದಿ:
ಕಡ್ಡಿಯಲ್ಲಿ ಕೆದಕಿ, ಸಾರಿಗೆ ಉಪ್ಪು ನೋಡಿದಷ್ಟು ಸಲೀಸಾಗಿ
‘ಬೆಳಗಿನ ಜಾವದ್ದು’ ಎಂದಳು.
ಹೆಜ್ಜೆಗೆ ಅಡ್ಡ ಜೇಡ ನೂಲು ಕಟ್ಟಿದ್ದರೆ ಹಳತು.
ಅಂಚು ಉದುರಿದ್ದರೆ ಬಿಸಿಲು ಕಂಡಿದೆ.
ಅಂಚು ಉದುರದೆ ನಿಂತಿದ್ದರೆ
ಮಾತು ನಿಲ್ಲಿಸು.

ನಿಲ್ಲಿಸಿದೆ.

ಬಂಡೆಯ ಮೇಲೆ ಜಾಡು ತಪ್ಪಿತು.
ನಾನು ಮುಂದೆ ಹುಡುಕಹೊರಟೆ; ಅವಳು
ಕೊನೆಯ ಹೆಜ್ಜೆಯ ಪಕ್ಕ ಕೋಲು ನೆಟ್ಟು
ಗಾಳಿಯನ್ನು ಮೂಗಲ್ಲೇ ವಿಚಾರಿಸಿದಳು.
‘ಮಲಗವ್ನೆ. ಬಾ ಹೋಗನ’
ಎಂದು ಆಡುಗಳನ್ನು ಬೇರೆ ದಾರಿಗೆ ತಿರುಗಿಸಿದಳು.
ಕರಡಿ ಎಂಬ ಮಾತು
ದಿನವಿಡೀ ಅವಳ ಬಾಯಿಗೆ ಬರಲಿಲ್ಲ.

ರಾತ್ರಿ, ಮಧುಗಿರಿಯ ಬಾಡಿಗೆ ಮನೆ.
ಬಚ್ಚಲಿಂದ ಓಡಿಬಂದ ಮಗಳ ಒದ್ದೆ ಹೆಜ್ಜೆ
ಕೆಂಪು ಗಾರೆಯ ಮೇಲೆ ಆರುತ್ತಿತ್ತು.
ಬಗ್ಗಿದೆ.
ಹೆಬ್ಬೆಟ್ಟು ಒಳಗಡೆಯೇ ಇದೆ.
ಎಡಗಾಲ ಹಿಮ್ಮಡಿ ಮಾತ್ರ ಎಲ್ಲೂ ಊರಿಲ್ಲ.

‘ಮುಳ್ಳು ಯಾವತ್ತು ಹೊಕ್ಕಿದ್ದು?’ ಎಂದೆ.
ಕಾಲು ಹಿಂದಕ್ಕೆಳೆದುಕೊಂಡು
‘ನಿಂಗ್ಯಾರು ಹೇಳಿದ್ದು?’ ಎಂದಳು.