ಮಾಲೀಕರ ಹೆಸರು ಎಂಬಲ್ಲಿ

ಮೊದಲು ಮುರಿದದ್ದು ಒಂದು ಒತ್ತಕ್ಷರ.
ಮಂಡ್ಯದ ಗುತ್ತಲು ರಸ್ತೆ, ನನ್ನ ಫ್ಲೆಕ್ಸ್ ಅಂಗಡಿ,
ರಾತ್ರಿ ಹತ್ತೂವರೆ, ಕರೆಂಟು ಆಗಷ್ಟೇ ಬಂದಿತ್ತು.
‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಹೊಡೆದರೆ
ಪರದೆಯ ಮೇಲೆ ದ್ಧ ಎರಡಾಗಿ ನಿಂತಿತು,
ಒಲೆ ಬೇರೆ ಮಾಡಿಕೊಂಡ ಓರಗಿತ್ತಿಯರ ಹಾಗೆ.
ತೀರಿಕೊಂಡವನ ತಮ್ಮ ಬೆಂಚಿನಿಂದ ಬಗ್ಗಿ ನೋಡಿ
‘ಇರ್ಲಿ ಬುಡಕ್ಕಾ, ಅಣ್ಣಂಗೆ ಓದೋಕೆ ಬತ್ತಿರ್ನಿಲ್ಲ’ ಅಂದ.

ಆ ‘ಇರ್ಲಿ ಬುಡು’ ನನಗೆ ನಿದ್ದೆ ಕೊಡಲಿಲ್ಲ.

ತಂತ್ರಾಂಶದ ಹೆಸರು ಮಸಿಕುಡಿಕೆ.
ದುಡ್ಡಿಲ್ಲ, ಬೀಗವಿಲ್ಲ; ಒಳಗಿನ ಸಾಲುಗಳೆಲ್ಲ
ಹಿತ್ತಿಲ ಬಾಗಿಲಂತೆ ತೆರೆದೇ ಇದ್ದವು.
ಇಣುಕಿದೆ. ಡಿಪ್ಲೊಮಾದಲ್ಲಿ ಕಲಿತು ಮರೆತದ್ದನ್ನು
ಒರೆಸಿ ಒರೆಸಿ ಓದಿದೆ. ಹನ್ನೊಂದು ರಾತ್ರಿ.
ದಕಾರದ ಕಾಲಿಗೆ ಧಕಾರವನ್ನು ಕಟ್ಟಿ ಕಳಿಸಿದೆ,
ಮುಖ ನೋಡಿರದ ಐದು ಜನಕ್ಕೆ.

ಮೈಸೂರಿನ ಲಷ್ಕರ್ ಮೊಹಲ್ಲಾದಿಂದ ಫರ್ಹಾನಾ ಮರಳಿಸಿದಳು:
‘ದ್ಧ ಕೂತಿತು, ಅರ್ಕಾವತ್ತು ಎದ್ದುಹೋಯಿತು. ನೋಡಿ.’
ನೋಡಿದೆ. ಮತ್ತೆ ಮರಳಿಸಿದಳು.
ಮೂರನೇ ಸಲ ‘ಒಪ್ಪಿದೆ’ ಎಂದು ಬಂದಾಗ
ಪಕ್ಕದ ಬೇಕರಿಯ ಹುಡುಗನನ್ನು ಕರೆದು ತೋರಿಸಿದೆ:
ಇದು ನಂದು ಕಣೋ.
‘ಏನಕ್ಕಾ, ದ್ಧ ನಿಮ್ದಾ?’ ಅಂತ ನಕ್ಕ.

ಗುಬ್ಬಿಯನ್ನು ಬರೆದವರು ಸಿದ್ಧಲಿಂಗಾಚಾರಿ.
ಕುಡಿಕೆಯ ಅಂಚಿಗೆ ಕೂತು, ಒಂದು ರೆಕ್ಕೆಗೆ ಮಸಿ ಮೆತ್ತಿಕೊಂಡ ಗುಬ್ಬಿ.
ಫ್ಲೆಕ್ಸ್ ಬಂದು ಬೋರ್ಡು ಬರೆಯುವ ಕೆಲಸ ಹೋದವರು.
ನನ್ನಂಥವರಿಂದಲೇ ಹೋದದ್ದು. ಅದು ಇಬ್ಬರಿಗೂ ಗೊತ್ತು.
ಕಂದು ಕಾಗದದ ಮೇಲೆ ಎರಡೇ ಎಳೆತ.
ದುಡ್ಡು ಚಾಚಿದರೆ ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿ
‘ಹಾಕ್ಕೊಳಿ’ ಅಂದರು, ನನ್ನ ಕಡೆ ನೋಡದೆ.

ಯುಗಾದಿ ಕಳೆದ ಮೇಲೆ ‘ಮಸಿಕುಡಿಕೆ ಪ್ರೊ’ ಬಂತು.
ಪೆನ್‌ಡ್ರೈವಿನಲ್ಲಿ, ಸಾವಿರದ ನಾನೂರ ತೊಂಬತ್ತೊಂಬತ್ತಕ್ಕೆ.
ಅದೇ ಹೆಸರು, ಅದೇ ಗುಬ್ಬಿ, ಒಳಗೆ ನನ್ನ ದ್ಧ.
ಮೂವತ್ತು ದಿನವಾದ ಮೇಲೆ ಎಲ್ಲ ಚಿತ್ರದ ಮೇಲೂ
ಒಂದು ಕೆಂಪು ಪಟ್ಟಿ; ತೆಗೆಯಲು ಇನ್ನಷ್ಟು ದುಡ್ಡು.
‘ನಿಮ್ಮ ಕುಡಿಕೆ ನನ್ನ ಮಗಳ ಆರತಕ್ಷತೆ ನುಂಗ್ತಲ್ರೀ’ ಎಂದು
ಮದ್ದೂರಿನ ಸ್ಟುಡಿಯೋದವರು ನನ್ನ ಅಂಗಡಿಗೇ ಬಂದು ಕೂಗಿದರು.

ಮಾರಲಿ. ಮಾರಬಹುದು ಎಂದು ಬರೆದುಕೊಟ್ಟವರೇ ನಾವು.
ತಿದ್ದಲಿ, ಕೆಡಿಸಲಿ. ಅದಕ್ಕೂ ನಮ್ಮದೇ ಒಪ್ಪಿಗೆ.
ಆದರೆ ಗುಬ್ಬಿ?

ಅಪ್ಪ ಆಲೆಮನೆ ನಡೆಸುತ್ತಿದ್ದಾಗ
ಪಾಕದ ಹದವನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದ,
ದಾರಿಹೋಕರ ಬೊಗಸೆಗೂ ಬಿಸಿಬೆಲ್ಲ ಹಾಕುತ್ತಿದ್ದ.
ಮರದ ಅಚ್ಚನ್ನು ಮಾತ್ರ ತೊಳೆದು, ಒಣಗಿಸಿ,
ಮಂಚದ ಕೆಳಗಿಡುತ್ತಿದ್ದ.
ಒಂದು ವರ್ಷ ಯಾರೋ ಅದೇ ಅಚ್ಚು ಕೊರೆಸಿ
ಸಕ್ಕರೆ ಬೆರೆಸಿದ ಬೆಲ್ಲವನ್ನು ಮಂಡಿಗೆ ಹಾಕಿದರು.
ಮಂಡಿಯವರು ಅಪ್ಪನನ್ನು ಏನೂ ಕೇಳಲಿಲ್ಲ,
ಗಾಡಿಯನ್ನು ತಿರುಗಿಸಿ ಕಳಿಸಿದರು.

ಕೋರ್ಟಿನ ಎದುರಿನ ವಕೀಲರು ಅರ್ಜಿ ಕೊಟ್ಟರು:
ಒಂಬತ್ತನೇ ವರ್ಗ, ಒಬ್ಬರ ಹೆಸರಿಗಾದರೆ ನಾಲ್ಕೂವರೆ ಸಾವಿರ.
ಮೂರನೇ ಸಾಲಿನಲ್ಲಿ: ಮಾಲೀಕರ ಹೆಸರು.
ನಾವು ಆರು ಜನ ಅಲ್ಲಿಗೇ ನಿಂತೆವು.
‘ನಿಮ್ಮದೇ ಹಾಕಿ’ ಎಂದಳು ಫರ್ಹಾನಾ. ನಾನು ಅವಳದ್ದು ಎಂದೆ.
‘ಹೆಸರಿಗೆ ಬೇಲಿ ಹಾಕುವವರ ಜೊತೆ ನಾನಿಲ್ಲ’ ಎಂದು ಒಬ್ಬ,
ಊರು ಯಾವುದೋ, ಕಪ್ಪೆಚಿಪ್ಪು ಎಂದಷ್ಟೇ ಗೊತ್ತು,
ಹೆಸರು ಬಿಟ್ಟು ಉಳಿದದ್ದೆಲ್ಲ ಹೊತ್ತು ಹೋದ.
ಕಳ್ಳತನವಲ್ಲ. ಹೀಗೆ ಹೋಗಬಹುದು ಎಂಬುದೇ ಮೊದಲ ಮಾತು.
ಆದರೂ ಆ ವಾರ ಯಾರೂ ಏನೂ ಕಳಿಸಲಿಲ್ಲ.

ಆಚಾರಿಗಳನ್ನು ಕೇಳಿದೆ, ಗುಬ್ಬಿ ಯಾರದು?
‘ಆವತ್ತು ಕೈ ನಡುಗ್ತಿತ್ತು ತಾಯಿ,
ಎಡಗಣ್ಣು ಸ್ವಲ್ಪ ಕೆಳಗೆ ಬಿದ್ದದೆ. ನೋಡಿದ್ದೀರಾ?’ ಎಂದರು.
ನೋಡಿರಲಿಲ್ಲ. ಪೆನ್‌ಡ್ರೈವಿನವನೂ ನೋಡಿರಲಿಲ್ಲ.
ಅವನ ಗುಬ್ಬಿಯ ಕಣ್ಣೂ ಅಷ್ಟೇ ಕೆಳಗೆ.

ಅರ್ಜಿ ಸ್ಟೇಪ್ಲರಿನ ಕೆಳಗಿದೆ. ಮೂರನೇ ಸಾಲು ಖಾಲಿ.
ಇವತ್ತು ಸಂಜೆ ಆ ತಮ್ಮ ಮತ್ತೆ ಬಂದ,
ಅಣ್ಣನ ವರ್ಷದ ತಿಥಿಗೆ, ಅದೇ ಫೋಟೋ ಹಿಡಿದು.
‘ಶ್ರದ್ಧಾಂಜಲಿ’ ಎಂದು ಹೊಡೆದೆ.
ಧ ತಣ್ಣಗೆ ಹೋಗಿ ದಕಾರದ ಕೆಳಗೆ ಕೂತಿತು.
ಅವನು ಅದನ್ನು ಗಮನಿಸಲಿಲ್ಲ.
ಅಳತೆ ಹೇಳಿದ: ಆರಕ್ಕೆ ನಾಲ್ಕು.